ವಿಮೆಯ ಚೀಟಿ ಕೈಗೆ ಬಂದ ಮೇಲೆ

(ಸಂಘದ ಉಚಿತ ವಾಚನಾಲಯದಲ್ಲಿ ಭಾನುವಾರ ಸಾಯಂಕಾಲ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಒಂದು ಕಾರ್ಖಾನೆಯ ಹಾಜರಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಕಾರ್ಯದರ್ಶಿಗಳು ‘ಇ.ಎಸ್.ಐ. ವಿಷಯ ನಿಮಗೆ ಗೊತ್ತಲ್ಲ, ಎರಡು ಮಾತು ಹೇಳಿ’ ಎಂದರು. ಒಪ್ಪಿಕೊಂಡೆ. ಒಪ್ಪಿಕೊಳ್ಳುವುದಕ್ಕೆ ಒಂದು ಕಾರಣವೂ ಉಂಟು. ಅದನ್ನು ಮೊದಲೇ ಅರಿಕೆ ಮಾಡಿಕೊಂಡುಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ನಮ್ಮಲ್ಲಿ ಕೆಲಸಕ್ಕೆ ಸೇರಿದ. ಅವನ ವಿಮೆಯ ವಿವರಗಳನ್ನು ಕಂಪ್ಯೂಟರಿನಲ್ಲಿ ತುಂಬಿದವನು ನಾನೇ. ಮನೆಯವರ ಹೆಸರು ಬರೆಸುವ ಜಾಗ ಬಂದಾಗ, ‘ಇಲ್ಲಿ ಒಬ್ಬನೇ ಇದ್ದೇನೆ ಸಾರ್’ ಎಂದ. ನಾನೂ ಅಷ್ಟಕ್ಕೇ ಬಿಟ್ಟೆ. ಊರಲ್ಲಿ ಯಾರಿದ್ದಾರೆ ಎಂದು ಕೇಳಲಿಲ್ಲ. ಎರಡು ವರ್ಷ ಅವನ ಪಗಾರದಲ್ಲಿ ವಂತಿಗೆ ಮುರಿಯಿತು. ಕಾರ್ಡು ಟ್ರಂಕಿನ ತಳದಲ್ಲಿ ಬಿದ್ದಿತ್ತು. ಆ ಮೇಲೆ ತಾಯಿಗೆ ಪಿತ್ತಕೋಶದಲ್ಲಿ ಕಲ್ಲಾಗಿ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಖಾಸಗಿ ಆಸ್ಪತ್ರೆಗೆ ಸೇರಿಸಿ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಲ್ಲಿ ಸಾಲ ಮಾಡಿದ. ಜೋಡೆತ್ತಿನಲ್ಲಿ ಒಂದನ್ನು ಮಾರಿದರು. ಆ ತಾಯಿ ಮಗನ ದುಡಿಮೆಯನ್ನೇ ನಂಬಿದವಳು. ಹೆಸರು ಬರೆಸಿದ್ದರೆ ಹುಬ್ಬಳ್ಳಿಯಲ್ಲೇ ಇ.ಎಸ್.ಐ. ಆಸ್ಪತ್ರೆ ಇತ್ತು. ತಾಯಿ ಗುಣವಾದಳು, ದೇವರು ದೊಡ್ಡವನು. ಸಾಲ ತೀರಲು ಮಾತ್ರ ಮೂರು ವರ್ಷ ಹಿಡಿಯಿತು. ನಾನು ಅಂದು ಕೇಳದೆ ಬಿಟ್ಟ ಒಂದು ಪ್ರಶ್ನೆಯನ್ನು ಇಂದು ನಿಮ್ಮೆಲ್ಲರನ್ನೂ ಕೇಳಲು ಬಂದಿದ್ದೇನೆ.

ಈ ಯೋಜನೆ ಯಾರ ದಾನವೂ ಅಲ್ಲ. 1948ರಲ್ಲಿ ಕಾಯ್ದೆಯಾಗಿ, 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಇದನ್ನು ಉದ್ಘಾಟಿಸಿದರು. ತಾವೇ ಮೊದಲ ಗೌರವ ವಿಮೆದಾರರಾಗಿ ಘೋಷಣಾ ಪತ್ರಕ್ಕೆ ರುಜು ಹಾಕಿದರು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಸಾಮಾನ್ಯವಾಗಿ ಇದು ಅನ್ವಯಿಸುತ್ತದೆ. ಪಗಾರದ ಮಿತಿಯನ್ನು 2017ರ ಜನವರಿ 1ರಿಂದ ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈ 1ರಿಂದ ನೂರು ರೂಪಾಯಿ ಪಗಾರಕ್ಕೆ ಕೆಲಸಗಾರನ ವಂತಿಗೆ 75 ಪೈಸೆ, ಯಜಮಾನನದು 3 ರೂಪಾಯಿ 25 ಪೈಸೆ ಎಂದು ಗೊತ್ತುಮಾಡಿದರು. ಅಂದರೆ 16,000 ರೂಪಾಯಿ ಪಗಾರದವನಿಂದ 120 ರೂಪಾಯಿ, ಯಜಮಾನನಿಂದ 520 ರೂಪಾಯಿ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನದಲ್ಲಿ ನಿಂತಿದೆ. ಆದ್ದರಿಂದ ದರ, ಮಿತಿಗಳನ್ನು ಆಗಾಗ ವಿಚಾರಿಸಿಕೊಳ್ಳುತ್ತಿರುವುದು ಜಾಣತನ.

ಹೆಸರು ದಾಖಲಾಯಿತು, ನಂಬರು ಬಂತು. ಮುಂದೇನು? ಬಹಳ ಮಂದಿ ಇಲ್ಲಿಗೇ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ನಿಜವಾಗಿ ಕೆಲಸ ಶುರುವಾಗುವುದೇ ಇಲ್ಲಿಂದ.

ಮೊದಲನೆಯದಾಗಿ, ನಂಬರನ್ನು ಬರೆದಿಟ್ಟುಕೊಳ್ಳಿ. ಈ ವಿಮಾ ನಂಬರು ಜೀವಮಾನಕ್ಕೆ ಒಂದೇ. ಕೆಲಸ ಬಿಟ್ಟು ಬೇರೆ ಕಡೆ ಸೇರಿದರೆ ಹೊಸ ಯಜಮಾನನಿಗೆ ಹಳೆಯ ನಂಬರನ್ನೇ ಕೊಡಬೇಕು. ಸುಮ್ಮನಿದ್ದರೆ ಅವರು ಇನ್ನೊಂದು ನಂಬರು ಮಾಡಿಸುತ್ತಾರೆ; ನಿಮ್ಮ ವಂತಿಗೆ ಎರಡು ಕಡೆ ಹಂಚಿಹೋಗುತ್ತದೆ; ಬೇಕಾದ ದಿನ ಎರಡರಲ್ಲೂ ಲೆಕ್ಕ ಸಾಲದೆ ಹೋಗಬಹುದು.

ಎರಡನೆಯದು, ಪಹಚಾನ್ ಕಾರ್ಡನ್ನು ಅಚ್ಚು ಹಾಕಿಸಿ, ಮನೆಯವರೆಲ್ಲರ ಫೋಟೋ ಅಂಟಿಸಿ, ಯಜಮಾನರ ರುಜು ಮೊಹರು ಮಾಡಿಸಿ. ಆಮೇಲೆ ಅದನ್ನು ಅಕ್ಷರಕ್ಕೆ ಅಕ್ಷರ ಓದಿ. ನಮ್ಮ ಕಡೆ ಹೆಸರಿನ ಮುಂದೆ ಊರಿನದೋ ತಂದೆಯದೋ ಒಂದಕ್ಷರ. ಇಲ್ಲಿಯವರು ತಂದೆಯ ಹೆಸರು ನಡುವೆ, ಅಡ್ಡಹೆಸರು ಕೊನೆಗೆ ಬರೆಯುತ್ತಾರೆ. ಹೀಗಾಗಿ ಆಧಾರಿನಲ್ಲಿ ಒಬ್ಬ, ವಿಮೆಯಲ್ಲಿ ಇನ್ನೊಬ್ಬ, ಬ್ಯಾಂಕಿನಲ್ಲಿ ಮತ್ತೊಬ್ಬ! ಮೂವರೂ ನೀವೇ ಎಂದು ಕಾಯಿಲೆ ಬಿದ್ದ ದಿನ ರುಜುವಾತು ಮಾಡುವುದು ಕಷ್ಟ. ತಪ್ಪಿದ್ದರೆ ಯಜಮಾನರ ಮೂಲಕ ಈಗಲೇ ತಿದ್ದಿಸಿ.

ಮೂರನೆಯದು, ನಾನು ಕೇಳದೆ ಬಿಟ್ಟ ಪ್ರಶ್ನೆ: ಊರಲ್ಲಿ ಯಾರಿದ್ದಾರೆ? ಹೆಂಡತಿ ಅಥವಾ ಗಂಡ, ಮಕ್ಕಳು, ನಿಮ್ಮ ದುಡಿಮೆಯನ್ನೇ ನಂಬಿದ ತಂದೆತಾಯಿ, ಇವರೆಲ್ಲರ ಹೆಸರನ್ನೂ ಬರೆಸಿ. ನೀವು ಇಲ್ಲಿದ್ದು ಸಂಸಾರ ಊರಲ್ಲಿದ್ದರೆ, ನಿಮಗೊಂದು ಡಿಸ್ಪೆನ್ಸರಿ, ಅವರಿಗೆ ಅಲ್ಲಿಯೇ ಒಂದು ಎಂದು ಬೇರೆ ಬೇರೆ ಬರೆಸಲು ಅವಕಾಶವುಂಟು. ರಾಜ್ಯ ಬೇರೆಯಾದರೂ ಅಡ್ಡಿಯಿಲ್ಲ. ಹುಬ್ಬಳ್ಳಿ, ದಾವಣಗೆರೆ, ದಾಂಡೇಲಿ, ಮೈಸೂರು, ಮಂಗಳೂರುಗಳಲ್ಲಿ ಇ.ಎಸ್.ಐ. ಆಸ್ಪತ್ರೆಗಳಿವೆ, ಬೆಂಗಳೂರಿನ ರಾಜಾಜಿನಗರದಲ್ಲಿ ದೊಡ್ಡದೇ ಇದೆ. ಮದುವೆಯಾದಾಗ, ಮಗುವಾದಾಗ ಹೆಸರು ಸೇರಿಸಲು ಮರೆಯಬೇಡಿ. ಮನೆಯವರ ಕೈಯಲ್ಲೂ ಕಾರ್ಡಿನ ಒಂದು ಪ್ರತಿ ಇರಲಿ.

ನಾಲ್ಕನೆಯದು, ಆರೋಗ್ಯವಾಗಿರುವಾಗಲೇ ಒಂದು ಸಲ ನಿಮ್ಮ ಡಿಸ್ಪೆನ್ಸರಿಗೆ ಹೋಗಿ ಬನ್ನಿ. ಈ ಮುಂಬಯಿಯಲ್ಲಿ ಅನೇಕ ಕಡೆ ಖಾಸಗಿ ವೈದ್ಯರೇ ಯೋಜನೆಯ ಪರವಾಗಿ ನೋಡುತ್ತಾರೆ; ಪ್ಯಾನೆಲ್ ಡಾಕ್ಟರ್ ಎಂದು ಅವರನ್ನು ಕರೆಯುವ ವಾಡಿಕೆ. ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ತಿಳಿದಿಡಿ. ಸಾಮಾನ್ಯ ಕಾಯಿಲೆಗೆ ಮೊದಲು ಅಲ್ಲಿಗೆ ಹೋಗಬೇಕು. ಅವರು ಚೀಟಿ ಬರೆದುಕೊಟ್ಟ ಮೇಲೆ ದೊಡ್ಡಾಸ್ಪತ್ರೆ. ಪ್ರಾಣಾಪಾಯದ ಹೊತ್ತಿನಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಓಡಿ. ಆದರೆ ಒಂದೊಂದು ಬಿಲ್ಲು, ಬಿಡುಗಡೆಯ ಕಾಗದ, ತುರ್ತಾಗಿತ್ತೆಂದು ವೈದ್ಯರು ಬರೆದ ಪತ್ರ, ಇವನ್ನು ಜೋಪಾನ ಮಾಡಿ ಹಣ ಮರಳಿ ಕೊಡಿರೆಂದು ಅರ್ಜಿ ಹಾಕಿ.

ಐದನೆಯದು ಲೆಕ್ಕ. ಪಗಾರದಲ್ಲಿ ಮುರಿದುಕೊಂಡ ವಂತಿಗೆಯನ್ನು ಯಜಮಾನರು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಟ್ಟಿದರೋ ಇಲ್ಲವೋ ಎಂಬುದನ್ನು ನಿಗಮದ ಜಾಲತಾಣದಲ್ಲಿ ನಿಮ್ಮ ನಂಬರು ಕೊಟ್ಟು ನೋಡಬಹುದು. ಮೊಬೈಲು ಗೊತ್ತಿಲ್ಲದವರು ಗೊತ್ತಿರುವ ಹುಡುಗರ ಕೈಲಿ ನೋಡಿಸಿಕೊಳ್ಳಲಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಕಟ್ಟದಿದ್ದರೆ ಮೊದಲು ಕಚೇರಿಯಲ್ಲಿ ಮರ್ಯಾದೆಯಿಂದ ಕೇಳಿ. ಉತ್ತರ ಬಾರದಿದ್ದರೆ ನಿಗಮದ ಶಾಖಾ ಕಚೇರಿಗೆ ಬರೆದು ತಿಳಿಸಿ. 1800-11-2526 ಎಂಬ ನಂಬರಿಗೆ ದುಡ್ಡಿಲ್ಲದೆ ಫೋನು ಮಾಡಲೂಬಹುದು.

ಈ ಲೆಕ್ಕ ಏತಕ್ಕೆ ಎಂದು ಕೇಳುವಿರಿ. ಔಷಧೋಪಚಾರದ ಹಕ್ಕು ಕೆಲಸಕ್ಕೆ ಸೇರಿದ ದಿನದಿಂದಲೇ ಉಂಟು. ಕಾಯಿಲೆಯ ರಜೆಗೆ ನಗದು ಹಣ ಸಿಗಬೇಕಾದರೆ ಮಾತ್ರ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿರಬೇಕು. ಏಪ್ರಿಲಿನಿಂದ ಸೆಪ್ಟೆಂಬರಿನ ವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನಿನ ವರೆಗೆ ಫಲ. ಅಕ್ಟೋಬರಿನಿಂದ ಮಾರ್ಚಿನ ವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರಿನ ವರೆಗೆ. ಮೊದಲ ಸಲ ಸೇರಿದವರಿಗೆ ಸೇರಿದ ದಿನದಿಂದ ಒಂಬತ್ತು ತಿಂಗಳು ಕಳೆಯಬೇಕು. ಸರಾಸರಿ ದಿನಗೂಲಿಯ ನೂರಕ್ಕೆ 70ರಂತೆ, ವರ್ಷಕ್ಕೆ ಹೆಚ್ಚೆಂದರೆ 91 ದಿನ ಕೊಡುತ್ತಾರೆ. ದಿನಕ್ಕೆ 500 ರೂಪಾಯಿ ಬೀಳುತ್ತಿದ್ದವನಿಗೆ 350 ರೂಪಾಯಿ. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಇದಕ್ಕೆ ಯೋಜನೆಯ ವೈದ್ಯರ ಸರ್ಟಿಫಿಕೇಟು ಅಗತ್ಯ; ಮನೆಯಲ್ಲೇ ಮಲಗಿದ್ದು, ಎದ್ದ ಮೇಲೆ ಹೋಗಿ ಕೇಳಿದರೆ ಸಿಗುವುದಿಲ್ಲ. ಹೆರಿಗೆಗೆ ಹೋಗುವ ಸೋದರಿಯರಿಗೆ ಮೊದಲ ಎರಡು ಮಕ್ಕಳ ವರೆಗೆ 26 ವಾರ ಪೂರ್ತಿ ಕೂಲಿ ದೊರೆಯುತ್ತದೆ. ಅದಕ್ಕೆ ಹಿಂದಿನ ಎರಡು ಅವಧಿಗಳಲ್ಲಿ 70 ದಿನದ ವಂತಿಗೆ ಇರಬೇಕು.

ಕೆಲಸದಲ್ಲಿ ಪೆಟ್ಟಾದರೆ ಈ ದಿನಗಳ ಲೆಕ್ಕವಿಲ್ಲ. ಸೇರಿದ ದಿನವೇ ಆದರೂ ಹಕ್ಕುಂಟು, ಕೂಲಿಯ ನೂರಕ್ಕೆ 90. ಬೆರಳು ಸಣ್ಣಗೆ ಕೊಯ್ದರೂ ಅಪಘಾತದ ಪುಸ್ತಕದಲ್ಲಿ ಅಂದೇ ಬರೆಸಿ. ‘ಇರಲಿ ಬಿಡಿ’ ಎನ್ನುವ ನಮ್ಮ ಸಂಕೋಚದಿಂದ ಎಷ್ಟೋ ಮಂದಿ ಕೆಟ್ಟಿದ್ದಾರೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆದ ಅಪಘಾತವನ್ನೂ 2010ರ ತಿದ್ದುಪಡಿ ಒಳಗೆ ಸೇರಿಸಿತು. ಲೋಕಲ್ ರೈಲಿನಲ್ಲಿ ನಿಂತು ಹೋಗುವವರು ಇದನ್ನು ನೆನಪಿಡಬೇಕು.

ಗುಮಾಸ್ತ ಮಿತ್ರರಿಗೆ ಒಂದು ಮಾತು. ಪಗಾರ ಮಿತಿಯನ್ನು ದಾಟಿತೆಂದರೆ ಸಂತೋಷ. ಆದರೆ ಆ ವಂತಿಗೆಯ ಅವಧಿ ಮುಗಿದ ಮೇಲೆ ಯೋಜನೆಯಿಂದ ಹೊರಗಾಗುತ್ತೀರಿ. ಬಡ್ತಿಯ ಪೇಢೆ ಹಂಚುವ ವಾರವೇ ಬೇರೆ ಆರೋಗ್ಯ ವಿಮೆಯ ವಿಚಾರ ಮಾಡಿ. ವಯಸ್ಸಾಗಿ ಕಾಯಿಲೆ ಬಂದ ಮೇಲೆ ಹುಡುಕಿದರೆ ದುಬಾರಿ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿ ಕಟ್ಟಿಸಿಕೊಂಡು ಗಂಡಹೆಂಡಿರಿಗೆ ಔಷಧೋಪಚಾರ ಕೊಡುವ ಪದ್ಧತಿಯೂ ಇದೆ, ವಿಚಾರಿಸಿ.

ಆಸ್ಪತ್ರೆಯಲ್ಲಿ ಸಾಲು ಉದ್ದ, ಮಾತು ಒರಟು, ಔಷಧ ಇಲ್ಲ ಎಂಬ ದೂರುಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಆ ಸಾಲಿನಲ್ಲಿ ನಿಂತವನ ಎತ್ತು ಹಟ್ಟಿಯಲ್ಲಿ ಉಳಿಯುತ್ತದೆ. ನಿಮ್ಮ ದುಡ್ಡಿನಿಂದ ನಡೆಯುವ ಆಸ್ಪತ್ರೆಯನ್ನು ನೀವು ಬಿಟ್ಟುಕೊಟ್ಟರೆ ಅದನ್ನು ಸರಿಮಾಡಿರೆಂದು ಕೇಳುವವರಾದರೂ ಯಾರು?

ಮುಂದಿನ ನಾಲ್ಕು ಭಾನುವಾರ ಸಂಜೆ ಆರು ಗಂಟೆಗೆ ನಾನು ಈ ಪತ್ರಿಕೆಗಳ ಮೇಜಿನ ಬಳಿಯೇ ಕುಳಿತಿರುತ್ತೇನೆ. ಕಾರ್ಡು, ಆಧಾರ್, ಪಗಾರದ ಚೀಟಿ ತನ್ನಿ. ಒಟ್ಟಿಗೆ ಕೂತು ನೋಡೋಣ. ಬರುವ ಮುಂಚೆ ಊರಿಗೊಂದು ಫೋನು ಮಾಡಿ, ತಂದೆತಾಯಿಯ ಆಧಾರಿನಲ್ಲಿ ಹೆಸರು ಹೇಗೆ ಬರೆದಿದೆ ಎಂದು ಕೇಳಿಕೊಂಡೇ ಬನ್ನಿ.