ಒಬ್ಬರಿಗೆ ಒಂದೇ ಮತ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತುಗಳ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಹೇಳಹೊರಟಿರುವುದು ಒಂದು ಫುಟ್‌ಬಾಲ್ ಕ್ಲಬ್ಬಿನ ಕಥೆ. ಕೆಲಸದ ಮೇಲೆ ಕೆಲಕಾಲ ಲಂಡನ್ನಿನಲ್ಲಿದ್ದಾಗ ಕೇಳಿ ತಿಳಿದದ್ದು.

ವಿಂಬಲ್ಡನ್ ಎಂದರೆ ನಮಗೆ ಟೆನಿಸ್. ಅಲ್ಲಿನವರಿಗೆ ಅದು 1889ರಲ್ಲಿ ಹುಟ್ಟಿದ ಫುಟ್‌ಬಾಲ್ ಕ್ಲಬ್ಬೂ ಹೌದು. 1988ರಲ್ಲಿ ಬಲಿಷ್ಠ ಲಿವರ್‌ಪೂಲ್ ತಂಡವನ್ನು ಸೋಲಿಸಿ ಎಫ್‌ಎ ಕಪ್ ಗೆದ್ದ ಕ್ಲಬ್ಬದು. ಮುಂದೆ ಅದರ ಮಾಲೀಕರು ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಎಂಬ ಊರಿಗೆ ಒಯ್ಯಲು ಹೊರಟರು. ಜನ ಬೇಡವೆಂದರು. ಆದರೂ 2002ರ ಮೇ ತಿಂಗಳಲ್ಲಿ ಮೂವರ ಸಮಿತಿಯೊಂದು ಅನುಮತಿ ಕೊಟ್ಟಿತು. ತಲೆತಲಾಂತರದಿಂದ ಚಪ್ಪಾಳೆ ತಟ್ಟಿದವರಿಗೆ ಕಾಗದದ ಮೇಲೆ ಯಾವ ಹಕ್ಕೂ ಇರಲಿಲ್ಲ.

ಅವರು ಅಳುತ್ತ ಕೂರಲಿಲ್ಲ. ಕೆಲವೇ ವಾರಗಳಲ್ಲಿ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿದರು. ಊರ ಬಯಲಿನಲ್ಲಿ ಆಟಗಾರರ ಆಯ್ಕೆ ಇಟ್ಟರೆ ಸುಮಾರು 230 ಮಂದಿ ಬಂದರು. ಒಂಬತ್ತನೇ ದರ್ಜೆಯಿಂದ ಆಟ ಆರಂಭವಾಯಿತು. ಒಂಬತ್ತೇ ವರ್ಷಗಳಲ್ಲಿ, ಅಂದರೆ 2011ಕ್ಕೆ, ಐದು ಮೆಟ್ಟಿಲು ಏರಿ ನಾಲ್ಕನೇ ದರ್ಜೆಗೆ ಬಂದರು.

ಈ ಕ್ಲಬ್ಬಿನ ಬಹುಪಾಲು ಒಡೆತನ ಡಾನ್ಸ್ ಟ್ರಸ್ಟ್ ಎಂಬ ಅಭಿಮಾನಿಗಳ ಸಂಘದ್ದು. ಚಂದಾ ಕೊಟ್ಟು ಸದಸ್ಯರಾದವರಿಗೆ ತಲಾ ಒಂದೇ ಮತ. ಅದನ್ನು ನಡೆಸುವವರನ್ನು ಸದಸ್ಯರೇ ಆರಿಸುತ್ತಾರೆ. ಇದನ್ನು ಕೇಳಿದಾಗ ನನಗೆ ನಮ್ಮೂರ ಹಾಲಿನ ಡೇರಿ ನೆನಪಾಯಿತು. ಹತ್ತು ಲೀಟರ್ ಹಾಕುವವರಿಗೂ ಒಂದು ಲೀಟರ್ ಹಾಕುವವರಿಗೂ ಅಲ್ಲಿ ಒಂದೇ ಮತ ತಾನೆ? 1905ರಲ್ಲೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಈ ಪಾಠ ನಮಗೆ ಹೊಸದಲ್ಲ.

ದಾರಿ ಸುಲಭವಾಗಿರಲಿಲ್ಲ. ಸ್ವಂತ ಕ್ರೀಡಾಂಗಣ ಕಟ್ಟುವಾಗ ಹಣ ಸಾಲದಾಯಿತು. ಹೊರಗಿನ ಹೂಡಿಕೆದಾರರಿಗೆ ಪಾಲು ಕೊಡುವ ಮಾತು ಬಂತು. ಅನೇಕ ಸದಸ್ಯರು ಒಪ್ಪಲಿಲ್ಲ. ಅಭಿಮಾನಿಗಳೇ ಮುಂದೆ ನಿಂತು ಸಾಲಪತ್ರಗಳ ಮೂಲಕ 50 ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ಸಾಲ ಕೊಟ್ಟರೆಂದು ಯಾರಿಗೂ ಹೆಚ್ಚಿನ ಮತ ಸಿಗಲಿಲ್ಲ. 2020ರ ನವೆಂಬರಿನಲ್ಲಿ, 1991ರಲ್ಲಿ ಬಿಟ್ಟುಹೋದ ಹಳೆಯ ಮೈದಾನದ ಕೂಗಳತೆಯಲ್ಲೇ, ಪ್ಲೌ ಲೇನ್‌ನಲ್ಲಿ ಹೊಸ ಕ್ರೀಡಾಂಗಣ ತೆರೆಯಿತು. ಕೊರೊನಾ ಕಾಲವಾದ್ದರಿಂದ ಮೊದಲ ಪಂದ್ಯ ನೋಡಲು ಅದಕ್ಕಾಗಿ ದುಡಿದ ಅಭಿಮಾನಿಗಳೇ ಒಳಗಿರಲಿಲ್ಲ!

ಎಲ್ಲೆಡೆ ಹೀಗೇ ಆಗುವುದಿಲ್ಲ. ಪೋರ್ಟ್ಸ್‌ಮತ್ ಕ್ಲಬ್ ಮುಳುಗುತ್ತಿದ್ದಾಗ 2013ರಲ್ಲಿ ಅಭಿಮಾನಿಗಳೇ ಕೊಂಡು ಉಳಿಸಿಕೊಂಡರು. ಹಳೆಯ ಕ್ರೀಡಾಂಗಣದ ದುರಸ್ತಿಗೆ ದೊಡ್ಡ ಹಣ ಬೇಕಾದಾಗ, 2017ರಲ್ಲಿ ಅಮೆರಿಕದ ಉದ್ಯಮಿಯೊಬ್ಬರಿಗೆ ಮಾರಿದರು. ಆದರೆ ಆ ತೀರ್ಮಾನವನ್ನೂ ಅವರೇ ಮತ ಹಾಕಿ ಮಾಡಿದರು.

ಇಷ್ಟೆಲ್ಲ ಏಕೆ ಹೇಳಿದೆನೆಂದರೆ, ನಮ್ಮ ಹಳೆಯ ವಿದ್ಯಾರ್ಥಿಗಳ ನಿಧಿಗೆ ಹೆಚ್ಚು ಹಣ ಕೊಟ್ಟವರನ್ನೇ ಸಮಿತಿಗೆ ತೆಗೆದುಕೊಳ್ಳೋಣ ಎಂಬ ಸಲಹೆ ಬಂದಿದೆ. ಆ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಹೇಳಲಾರೆ. ಆದರೆ ಕಳೆದ ಹತ್ತು ವರ್ಷಗಳಲ್ಲಿ ನಾನು ಈ ಗೇಟು ದಾಟಿದ್ದು ಎರಡೇ ಸಲ. ಮೊಬೈಲಿನಲ್ಲಿ ಹಣ ಕಳಿಸಿ ಋಣ ತೀರಿತೆಂದುಕೊಂಡವನು ನಾನು. ಮಳೆಗೆ ಕೊಠಡಿ ಸೋರಿದಾಗ ಬಂದು ಹೆಂಚು ಹೊದಿಸಿದವರು ಊರಲ್ಲೇ ಉಳಿದ ನನ್ನ ಸಹಪಾಠಿಗಳು. ಅವರ ಹೆಸರು ಪಟ್ಟಿಯಲ್ಲಿಲ್ಲ.

ಶಾಲೆ ಸರ್ಕಾರದ್ದು, ನಿಜ. ನಿಧಿ ನಮ್ಮದು. ನೂರು ರೂಪಾಯಿ ಕೊಟ್ಟವರಿಗೂ ಲಕ್ಷ ಕೊಟ್ಟವರಿಗೂ ಒಂದೇ ಮತವಿರಲಿ. ವರ್ಷಕ್ಕೊಮ್ಮೆ ಇದೇ ಅಂಗಳದಲ್ಲಿ ಎಲ್ಲರ ಮುಂದೆ ಲೆಕ್ಕ ಓದೋಣ. ಪಟ್ಟಿಯಿಂದ ನನ್ನ ಹೆಸರು ತೆಗೆಯಿರಿ. ಬೇಕಿದ್ದರೆ ಚುನಾವಣೆಯಲ್ಲಿ ಆರಿಸಿ. ಆರಿಸದಿದ್ದರೂ ಸಭೆಗೆ ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಆ ಜಾಗ ನನಗೆ ಹೊಸದಲ್ಲ ಎಂದು ಗುರುಗಳಿಗೆ ಗೊತ್ತು.