ಹಂಚಿನ ಮೇಲಿನ ಇಸವಿ



ಮಲೆನಾಡಿನ ಶಾಲೆಗಳು ಇತಿಹಾಸ ಪ್ರವಾಸಕ್ಕೆಂದು ಮಂಗಳೂರಿಗೆ ಹೋಗುವುದುಂಟು. ಕದ್ರಿ ದೇವಸ್ಥಾನ, ಸುಲ್ತಾನ್ ಬತ್ತೇರಿ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ, ಸಂಜೆಗೆ ಪಣಂಬೂರಿನ ಕಡಲು. ವಿದ್ಯಾರ್ಥಿಯ ಪುಸ್ತಕದಲ್ಲಿ ಇಸವಿಗಳು ಸಾಲುಗಟ್ಟುತ್ತವೆ: ಕದ್ರಿಯ ಲೋಕೇಶ್ವರ ವಿಗ್ರಹದ ಶಾಸನ 968, ಮಂಗಳೂರು ಒಪ್ಪಂದ 1784, ಮೊಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' 1843. ಇವೆಲ್ಲವೂ ತಿಳಿಯಬೇಕಾದುವೇ. ಆದರೆ ಘಟ್ಟವಿಳಿದು ಬಂದ ಮಗುವಿಗೆ ಈ ಚರಿತ್ರೆಯಲ್ಲಿ ತನ್ನ ಊರು ಎಲ್ಲಿದೆಯೆಂದು ಕಾಣದೆ ಹೋದರೆ ಪ್ರವಾಸ ಅರ್ಧಕ್ಕೇ ನಿಂತಂತೆ.

ಅದನ್ನು ತೋರಿಸಲು ಅಧ್ಯಾಪಕರಿಗೆ ಒಂದು ಹಂಚು ಸಾಕು.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿಗೆ ಸಮೀಪದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮತಾಂತರಗೊಂಡು ಹಿಂದಿನ ಆಸರೆ ಕಳೆದುಕೊಂಡವರಿಗೆ ಉದ್ಯೋಗ ಒದಗಿಸುವುದು ಮಿಷನ್ನಿನ ಉದ್ದೇಶಗಳಲ್ಲೊಂದು. ಅಂದು ಸಾಮಾನ್ಯರ ಮನೆಗಳಿಗೆ ಹುಲ್ಲು, ಸೋಗೆಗಳ ಮಾಡು. ವರ್ಷವರ್ಷವೂ ಹೊದಿಸುವ ದುಡಿಮೆ, ಬೇಸಗೆಯಲ್ಲಿ ಬೆಂಕಿಯ ಭಯ. ಹಂಚು ಇವೆರಡನ್ನೂ ತಗ್ಗಿಸಿತು. ಈ ಉಪಕಾರವನ್ನು ಮೊದಲು ಹೇಳಬೇಕು.

ಬಳಿಕ ವಿದ್ಯಾರ್ಥಿ ಕೇಳಲಿ: ಹಂಚಿನ ಮಣ್ಣು ಎಲ್ಲಿಯದು? ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ಸಹ್ಯಾದ್ರಿಯ ಕಲ್ಲು ಶಿಥಿಲಗೊಂಡು, ಮಳೆಯಲ್ಲಿ ಕೊಚ್ಚಿ, ನೇತ್ರಾವತಿ, ಕುಮಾರಧಾರಾ, ಗುರುಪುರ ನದಿಗಳಲ್ಲಿ ಇಳಿದು, ತಗ್ಗಿನ ಗದ್ದೆಗಳಲ್ಲಿ ನಿಲ್ಲಲು ಸಾವಿರಾರು ವರ್ಷ ಬೇಕಾಯಿತು. ಬತ್ತದ ಬೇರಿನಡಿ ನೀರು ಹಿಡಿದಿಡುವುದೂ ಇದೇ ಜೇಡಿ. ಹಂಚಿನ ಕೆಂಪು ಆ ಮಣ್ಣಿನೊಳಗಿನ ಕಬ್ಬಿಣದ್ದು. ಅದನ್ನು ಸುಡಲು ಉರಿದದ್ದು ಕಾಡಿನ ಸೌದೆ. ಹೀಗೆ ಮನೆಯನ್ನು ಬೆಂಕಿಯಿಂದ ಕಾಪಾಡಿದ ಹಂಚಿಗಾಗಿ ಗದ್ದೆ ಗುಂಡಿಯಾಯಿತು, ಮರ ಬೂದಿಯಾಯಿತು. ಈ ಲೆಕ್ಕದ ಎರಡು ಬದಿಗಳನ್ನೂ ಮುಂದಿಟ್ಟು, ತೀರ್ಪನ್ನು ವಿದ್ಯಾರ್ಥಿಗೇ ಬಿಡುವವರು ಒಳ್ಳೆಯ ಅಧ್ಯಾಪಕರು.

ಮೊದಲ ಮಹಾಯುದ್ಧದ ಪರಿಣಾಮವಾಗಿ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮುಂದೆ ಕಾಂಕ್ರೀಟಿನ ತಾರಸಿ ಬಂದಿತು; ಮಣ್ಣು, ಸೌದೆ ದುರ್ಲಭವಾದವು; ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಕಾಂಕ್ರೀಟಿಗೂ ನದಿಯ ಮರಳು ಬೇಕು, ಬೆಟ್ಟದ ಕಲ್ಲು ಬೇಕು. ಮಾಡು ಬದಲಾದರೂ ಬೆಟ್ಟದ ಮೇಲಿನ ಸಾಲ ತೀರಲಿಲ್ಲ.

ಆದ್ದರಿಂದ ಪ್ರವಾಸಕ್ಕೆ ಮುನ್ನ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಕೊಟ್ಟಿಗೆಯ ಹಳೆಯ ಹಂಚೊಂದನ್ನು ತಿರುಗಿಸಿ, ಅಚ್ಚೊತ್ತಿದ ಕಾರ್ಖಾನೆಯ ಹೆಸರು, ಇಸವಿ ಇದ್ದರೆ ಬರೆದುಕೊಳ್ಳಲಿ. ಮಂಗಳೂರಿನಲ್ಲಿ ಆ ಜಾಗವನ್ನು ಹುಡುಕಲಿ. ಮರುವರ್ಷದ ಜೂನಿನಲ್ಲಿ ಊರ ಹಳ್ಳದ ಕೆಂಪು ನೀರನ್ನು ಗಾಜಿನ ಶೀಸೆಯಲ್ಲಿ ತುಂಬಿಡಲಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ಜೇಡಿ ದಿನಗಟ್ಟಲೆ ತೇಲುತ್ತಿರುತ್ತದೆ. ನೆಲಕ್ಕೆ ಮರದ ಹೊದಿಕೆ ಇರುವ ಕಡೆಯ ನೀರನ್ನೂ ಬೋಳುಗುಡ್ಡದ ನೀರನ್ನೂ ಪಕ್ಕದಲ್ಲಿಟ್ಟು ನೋಡಲಿ. ಇತಿಹಾಸದ ಪಾಠ ಅಲ್ಲಿಂದ ಮುಂದುವರಿಯಲಿ.