ಒಂದೇ ದಿನ, ಎರಡು ಸ್ಮರಣೆ
(ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಸಂತರ ಉರೂಸು, ಮಹಾತ್ಮರ ಜಯಂತಿ, ಇತಿಹಾಸದ ಸ್ಮರಣೆ ಇವುಗಳಲ್ಲಿ ಎರಡು ಒಂದೇ ದಿನ ಕೂಡಿ ಬಂದರೆ ನಮ್ಮ ಪಟ್ಟಣಗಳಲ್ಲಿ ಮೊದಲು ಏಳುವ ಪ್ರಶ್ನೆ ಯಾವುದು? ಆ ದಿನದ ಸಂದೇಶವೇನು ಎಂಬುದಲ್ಲ. ಯಾರ ಮೆರವಣಿಗೆ ಮೊದಲು, ರಸ್ತೆ ಯಾರದು ಎಂಬುದು. ಈ ಪ್ರಶ್ನೆಯನ್ನು ಧರ್ಮದ ಬೆಳಕಿನಲ್ಲಿ ಪರಿಶೀಲಿಸುವುದು ಅಗತ್ಯವಾಗಿದೆ.

ನಾವು ಸೇರಿರುವ ನೆಲವೇ ಇದಕ್ಕೆ ಪಾಠ ಹೇಳುತ್ತದೆ. ಇದೇ ತಾಲೂಕಿನ ಬಾಡ ಕನಕದಾಸರ ಊರು. ಶಿಶುವಿನಾಳ ಶರೀಫ ಸಾಹೇಬರ ಊರು. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಹುಟ್ಟಿದ ದಿನವೇ ಅವರು ಅಗಲಿದರೆಂಬ ಪ್ರತೀತಿಯಿದೆ. ಆದರೆ ಬರಹಗಳಲ್ಲಿ ಒಂದೆಡೆ ಮಾರ್ಚ್ 7 ಎಂದಿದ್ದರೆ ಇನ್ನೊಂದೆಡೆ ಜುಲೈ 3 ಎಂದಿದೆ. ಅಂಕಿಗಳು ಸ್ಥಾನ ಬದಲಿಸಿದರೆ ತಿಂಗಳೇ ಬದಲಾಗುತ್ತದೆ! ಆದರೆ ಇಮಾಮ್ ಸಾಹೇಬರ ಮಗ ಕಳಸದ ಗೋವಿಂದ ಭಟ್ಟರ ಶಿಷ್ಯನಾದದ್ದನ್ನು ಯಾವ ತಿದ್ದುಪಡಿಯೂ ಬದಲಿಸಲಾರದು. ಅವರ ಅಂತ್ಯಕ್ರಿಯೆಯಲ್ಲಿ ಎರಡೂ ಸಮುದಾಯಗಳ ವಿಧಿಗಳು ಜೊತೆಯಾಗಿ ನಡೆದವೆಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ದಿನಾಂಕದಲ್ಲಿ ಭಿನ್ನಾಭಿಪ್ರಾಯವಿರಬಹುದು, ಬಾಳಿದ ರೀತಿಯಲ್ಲಿಲ್ಲ.

ಇನ್ನು ರಬೀಉಲ್ ಅವ್ವಲ್ 12. ನಮ್ಮ ಹಿರಿಯರು ಅದನ್ನು 'ಬಾರಾ ವಫಾತ್' ಎನ್ನುತ್ತಿದ್ದರು. ವಫಾತ್ ಎಂದರೆ ಮರಣ. ಪ್ರಚಲಿತ ಅಭಿಪ್ರಾಯದಂತೆ ಪ್ರವಾದಿವರ್ಯರ(ಸ) ಜನನವೂ ಮರಣವೂ ಅದೇ ದಿನ. ಹೀಗೆ ಸಂತೋಷ ಮತ್ತು ಅಗಲಿಕೆ ಒಂದಾಗಿರುವ ದಿನದಂದು ಡಿಜೆ ಅಬ್ಬರಕ್ಕೆ ಎಲ್ಲಿದೆ ಜಾಗ?

ದಿನಗಳು ಕೂಡಿ ಬಂದಾಗ ಪ್ರವಾದಿವರ್ಯರು(ಸ) ಏನು ಮಾಡಿದರು? ಎರಡು ಘಟನೆಗಳನ್ನು ನೋಡೋಣ. ಹಿಜರಿ 10ರಲ್ಲಿ ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದನೆಂದು ಜನ ಮಾತನಾಡತೊಡಗಿದರು. ಶೋಕದಲ್ಲಿದ್ದ ತಂದೆ ಆ ಮಾತನ್ನು ಒಪ್ಪಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟು ಸಾವಿಗಾಗಿಯೂ ಅವಕ್ಕೆ ಗ್ರಹಣ ಹಿಡಿಯುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಎರಡನೆಯದು, ಮದೀನಾದ ಯಹೂದಿಯರು ಆಶೂರಾ ದಿನ ಉಪವಾಸವಿದ್ದುದನ್ನು ಕಂಡದ್ದು. ಅದು ಹ. ಮೂಸಾ(ಅ) ಮತ್ತು ಅವರ ಜನತೆಗೆ ಬಿಡುಗಡೆ ದೊರೆತ ದಿನವೆಂದು ತಿಳಿದಾಗ, ಮೂಸಾರ(ಅ) ಮೇಲೆ ನಮಗೂ ಹಕ್ಕಿದೆ ಎಂದು ತಾವೂ ಉಪವಾಸವಿದ್ದರು. ಇತರರ ಸ್ಮರಣೆಯ ದಿನವೆಂದು ದೂರ ಸರಿಯಲಿಲ್ಲ. ಅದೇ ಮುಹರ್ರಮ್ 10 ಮುಂದೆ ಹಿಜರಿ 61ರಲ್ಲಿ (ಕ್ರಿ.ಶ. 680) ಕರ್ಬಲಾದ ದಿನವೂ ಆಯಿತು. ಬಿಡುಗಡೆ ಮತ್ತು ಬಲಿದಾನ ಒಂದೇ ದಿನದಲ್ಲಿವೆ; ಒಂದು ಇನ್ನೊಂದನ್ನು ಅಳಿಸಿಲ್ಲ.

ಹಬ್ಬಗಳು ಕೂಡಿ ಬರುವುದು ಯಾರ ಸಂಚೂ ಅಲ್ಲ, ಶಕುನವೂ ಅಲ್ಲ, ಅದು ಲೆಕ್ಕ. ಹಿಜರಿ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಪಂಚಾಂಗದಲ್ಲೂ ಚಾಂದ್ರಮಾಸಗಳೇ ಇದ್ದರೂ ಎರಡೂವರೆ-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರುತ್ತದೆ. ಆದ್ದರಿಂದ ನಮ್ಮ ಹಬ್ಬವೂ ನೆರೆಯವರ ಹಬ್ಬವೂ ಎರಡು ಮೂರು ವರ್ಷ ಅಕ್ಕಪಕ್ಕದಲ್ಲಿ ನಡೆದು, ಬಳಿಕ ಬೇರೆಯಾಗಿ, ಸುಮಾರು 33 ವರ್ಷಗಳ ನಂತರ ಮತ್ತೆ ಸಂಧಿಸುತ್ತವೆ. 2021ರ ಮೇ 14 ಮತ್ತು 2022ರ ಮೇ 3ರಂದು ಈದುಲ್ ಫಿತ್ರ್ ಮತ್ತು ಬಸವ ಜಯಂತಿ ಒಂದೇ ದಿನ ಬಂದವು. 2023ರಲ್ಲಿ ಏಪ್ರಿಲ್ 22ಕ್ಕೆ ಈದ್, ಮರುದಿನ ಬಸವ ಜಯಂತಿ.

ಅದೇ ವರ್ಷದ ಸೆಪ್ಟೆಂಬರ್ 28ರಂದು ಮೀಲಾದ್ ಮತ್ತು ಅನಂತ ಚತುರ್ದಶಿಯ ಗಣೇಶ ವಿಸರ್ಜನೆ ಒಟ್ಟಿಗೇ ಬಂದವು. ಮುಂಬೈಯಲ್ಲಿ ಮುಸ್ಲಿಂ ಮುಖಂಡರು ಮೀಲಾದ್ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡಿದರು. ನಮ್ಮ ಬೆಳಗಾವಿಯಲ್ಲೂ ಮೆರವಣಿಗೆ ಮುಂದಕ್ಕೆ ಹೋಯಿತು. ಇದು ಹೇಡಿತನವೆಂದು ಕೆಲವರು ಮೂದಲಿಸಬಹುದು. ಅವರಿಗೆ ನನ್ನ ಉತ್ತರ ಇಷ್ಟೇ: ನಮಾಝಿನ ಸಮಯವನ್ನು ಯಾರೂ ಮುಂದೂಡಲಾರರು, ಏಕೆಂದರೆ ಅದು ಫರ್ಝ್. ಮೆರವಣಿಗೆ ಫರ್ಝ್ ಅಲ್ಲ. ಅದನ್ನು ಒಂದು ದಿನ ಮುಂದೂಡಿದರೆ ಈಮಾನಿಗೆ ಕುಂದಿಲ್ಲ. ನೆರೆಯವನ ಹಕ್ಕನ್ನು ತುಳಿದರೆ ಕುಂದಿದೆ.

ಹಾಗೆಂದು ಬಿಟ್ಟುಕೊಡುವ ಹೊಣೆ ಸದಾ ಒಬ್ಬರದೇ ಆಗಬಾರದು. ಈ ಸಲ ನಾವು, ಮುಂದಿನ ಸಲ ನೀವು ಎಂಬ ಒಡಂಬಡಿಕೆಯೇ ನ್ಯಾಯ. ಅದು ಪೊಲೀಸ್ ಠಾಣೆಯ ಶಾಂತಿ ಸಭೆಯಲ್ಲಿ ಹಬ್ಬದ ಹಿಂದಿನ ದಿನ ಮೂಡುವುದಿಲ್ಲ. ವರ್ಷಾರಂಭದಲ್ಲೇ ಜಮಾಅತ್ ಕಮಿಟಿಯವರು ಪಂಚಾಂಗವನ್ನೂ ಹಿಜರಿ ಕ್ಯಾಲೆಂಡರನ್ನೂ ಜೊತೆಗಿಟ್ಟು, ಊರಿನ ಹಿರಿಯರೊಡನೆ ಕುಳಿತು ದಿನ, ದಾರಿ, ಹೊತ್ತು ನಿಗದಿಪಡಿಸಲಿ. ಮೆರವಣಿಗೆಯ ಖರ್ಚಿನಲ್ಲಿ ಒಂದು ಪಾಲು ಬಡ ಮಕ್ಕಳ ಶುಲ್ಕಕ್ಕೆ ಹೋಗಲಿ.

ಈದ್ ಮತ್ತು ಬಸವ ಜಯಂತಿ ಮತ್ತೆ ಸಂಧಿಸುವಾಗ ನಮ್ಮ ಇಂದಿನ ಮಕ್ಕಳೇ ಕಮಿಟಿಗಳ ಹೊಣೆ ಹೊತ್ತಿರುತ್ತಾರೆ. ಹಿಂದೆ ಹಿರಿಯರು ಏನು ಮಾಡಿದ್ದರು ಎಂದು ಅವರು ಕೇಳುತ್ತಾರೆ. ಅದಕ್ಕೆ ಉತ್ತರ ನಮ್ಮ ನಡೆಯಲ್ಲಿರಬೇಕು. ಅಲ್ಲಾಹನು ನಮ್ಮೆಲ್ಲರಿಗೂ ಸದ್ಬುದ್ಧಿ ಕರುಣಿಸಲಿ, ಆಮೀನ್.